ನಲವತ್ತು ವರ್ಷದ ಅಪ್ಪಣೆ

“ಅವಂಗ ಹೇಳಲೇ ಗುದ್ಲ್ಯಾ, ಇದು ಅವರಪ್ಪ ಮಾಡಿಟ್ಟ ಹಾದಿ ಅಲ್ಲಂತ! ಸೂಳೇಮಗನ ಸೊಕ್ಕು ನೋಡು, ತಂತಿ ಹಿಡಕೊಂಡು ನಿಂತಾನ!”

ಉಳವಪ್ಪಗೌಡರು ಹೀಗೆ ಗುಡುಗಿದ್ದು ತಮ್ಮ ಆಳು ಗುದ್ಲೆಪ್ಪನ ಕಡೆ ಮುಖ ಮಾಡಿ. ಬೈಸಿಕೊಳ್ಳಬೇಕಾದ ಯಲ್ಲಪ್ಪ ಅವರಿಂದ ಮೂರೇ ಮಾರು ದೂರದಲ್ಲಿ, ಹೊಸ ತಂತಿಬೇಲಿಯ ಆಚೆ, ತಲೆಯ ಮೇಲೆ ಮೇವಿನ ಹೊರೆ ಹೊತ್ತು ನಿಂತಿದ್ದ. ಗುದ್ಲೆಪ್ಪ ಈ ಕಡೆ ತಿರುಗಿ, ಬೈಗುಳಕ್ಕೆ ಸ್ವಲ್ಪ ನೀರು ಬೆರೆಸಿ ದಾಟಿಸಿದ.

“ಗೌಡ್ರು ಅಂತಾರ, ಇದು ನಿಮ್ಮಪ್ಪ ಮಾಡಿದ ಹಾದಿ ಅಲ್ಲಂತ.”

“ಕೇಳಿಸ್ತೋ ಮಾರಾಯ, ನನಗೂ ಕಿವಿ ಅದಾವ,” ಎಂದ ಯಲ್ಲಪ್ಪ. “ನಮ್ಮಪ್ಪ ಮಾಡಿದ್ದಲ್ಲ, ಖರೆ. ನಮ್ಮಪ್ಪನ ಕಾಲು ಮಾಡಿದ್ದು. ಹಂಗಂತ ಧಣ್ಯಾರಿಗೆ ಹೇಳಪಾ.”

ಗುದ್ಲೆಪ್ಪ ಅದನ್ನು ದಾಟಿಸಲಿಲ್ಲ. ಅವನಿಗೂ ಹೆಂಡಿರು ಮಕ್ಕಳಿದ್ದರು.

ಇದು ಊರಿಗೆಲ್ಲ ಗೊತ್ತಿದ್ದ ಪದ್ಧತಿ. ಗೌಡರ ಮನೆತನದವರು ಕೆಳಗೇರಿಯವರ ಜೊತೆ ನೇರ ಮಾತಾಡುವುದಿಲ್ಲ. ನಾಯಿಗೆ ‘ಹಚಾ’ ಅಂತಾರೆ, ಎತ್ತಿಗೆ ‘ಹೋ’ ಅಂತಾರೆ, ಕೇರಿಯವರಿಗೆ ಮಾತ್ರ ಏನೂ ಅನ್ನುವುದಿಲ್ಲ. ನಡುವೆ ಒಬ್ಬ ಇರಲೇಬೇಕು. ಇಂಥದ್ದನ್ನೆಲ್ಲ ಸರಕಾರ ಕಾಗದದ ಮೇಲೆ ಹೊಡೆದುಹಾಕಿ ಎಷ್ಟು ವರ್ಷವಾಯಿತೋ, ಆ ಕಾಗದ ಗೌಡರ ಬಾಯಿಗೆ ಇನ್ನೂ ಮುಟ್ಟಿರಲಿಲ್ಲ.

ಕೆಳಗೇರಿಯಿಂದ ರಟ್ಟೀಹಳ್ಳಿ ರಸ್ತೆಗೆ ಹೋಗುವ ಹಾದಿ ಗೌಡರ ಹೊಲದ ಬದುವಿನ ಮೇಲೆ ಹಾಯುತ್ತಿತ್ತು. ಎಣಿಸಿದರೆ ನಾನೂರು ಹೆಜ್ಜೆ. ಪೆಟ್ರೋಲ್ ಬಂಕಿನವರು ಬಂದು ರಸ್ತೆ ಬದಿಯ ಹೊಲ ನೋಡಿ ಹೋದದ್ದೇ ತಡ, ಬದುವಿಗೆ ಮುಳ್ಳುತಂತಿ ಬಿತ್ತು. ಇನ್ನು ಕೆರೆ ಸುತ್ತಿ ಹೋಗಬೇಕು, ಅದು ಮುಕ್ಕಾಲು ತಾಸಿನ ದಾರಿ. ಹೈಬ್ರಿಡ್ ಬೀಜದ ಪ್ಲಾಟಿಗೆ ಹೆಂಗಸರನ್ನು ಒಯ್ಯುವ ಟೆಂಪೋ ಬೆಳಿಗ್ಗೆ ಆರಕ್ಕೆ ರಸ್ತೆಗೆ ಬಂದು ಒಂದು ಹಾರ್ನ್ ಹೊಡೆದು ಹೋಗಿಬಿಡುತ್ತದೆ. ಅಲ್ಲಿ ಮಾಡುವುದು ‘ಕ್ರಾಸಿಂಗ್’ ಕೆಲಸ. ಟೊಮೇಟೊ ಹೂವಿನೊಳಗಿನ ಗಂಡು ಕೇಸರವನ್ನು ಚಿಮಟದಿಂದ ಕಿತ್ತು, ಮರುದಿನ ಬೇರೆ ಗಿಡದ ಪರಾಗದ ಪುಡಿ ಮುಟ್ಟಿಸಬೇಕು. ಬಿಸಿಲು ಏರಿದರೆ ಹೂವು ಕೂಡುವುದಿಲ್ಲ, ತಡವಾಗಿ ಬಂದವಳಿಗೆ ಕೆಲಸವೂ ಇಲ್ಲ. ಯಲ್ಲಪ್ಪನ ಹೆಂಡತಿ ತಿಪ್ಪವ್ವ, ಸೊಸೆ ಮಲ್ಲಿಕಾ, ಕೇರಿಯ ಮೂವತ್ತು ಮನೆಯ ಹೆಂಗಸರು ಎಲ್ಲ ಇದೇ ಕೆಲಸದವರು. ತಂತಿ ಬಿದ್ದ ವಾರದಲ್ಲಿ ಮೂರು ಸಲ ಟೆಂಪೋ ತಪ್ಪಿತು. ಇನ್ನೊಮ್ಮೆ ತಪ್ಪಿದರೆ ಬೇರೆ ಊರಿನವರನ್ನು ಹಚ್ಚಿಕೊಳ್ಳುತ್ತೇನೆ ಎಂದು ಮೇಸ್ತ್ರಿ ಹೇಳಿಬಿಟ್ಟ. ಅಂದಿನಿಂದ ಕೇರಿಯ ಹೆಂಗಸರು ನಸುಕಿನ ನಾಲ್ಕಕ್ಕೇ ರೊಟ್ಟಿ ಬಡಿಯತೊಡಗಿದರು. ಮಳೆ ಹಿಡಿದರೆ ಕೆರೆದಂಡೆಯ ಮೇಲೆ ಕಾಲಿಡುವ ಹಾಗಿಲ್ಲ. ಮುಂಗಾರಿನೊಳಗೆ ಹಾದಿ ತೆರೆಯದಿದ್ದರೆ ಕೇರಿಯ ಅನ್ನವೇ ಹೋಯಿತು.

ತಿಪ್ಪವ್ವ ಮಾತ್ರ ಹೆದರುವ ಪೈಕಿ ಅಲ್ಲ. “ದಿನಕ್ಕ ಸಾವಿರ ಹೂವಿನ ಗಂಡಸ್ತನ ಕೀಳಾಕಿ ನಾ! ಈ ಭಾಡ್ಯಾ ಗೌಡಂದು ಎಷ್ಟೊತ್ತಿನ ಕೆಲಸ?” ಅಂದಳು. ಕೇರಿಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

ಠಾಣೆಯಲ್ಲಿ ‘ಹೊಲದ ತಕರಾರು, ಕೋರ್ಟಿಗೆ ಹೋಗ್ರಿ’ ಎಂದು ಕಳಿಸಿದರು. ಹಿರೇಕೆರೂರು ಕೋರ್ಟಿನಲ್ಲಿ ಬಡವರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆಂದು ಯಾರೋ ಹೇಳಿದರು. ಸಿಕ್ಕವರು ಶಾಹೀನ ವಕೀಲರು. ಸವಣೂರ ಕಡೆಯ ಹೆಣ್ಣುಮಗಳು, ಕರಿಕೋಟಿನ ಕಿಸೆಯಲ್ಲಿ ಸದಾ ತಮ್ಮೂರ ಕುರುಕಲು ತಿಂಡಿ, ಸವಣೂರ ಖಾರದ ಪೊಟ್ಟಣ. ಎಂಟು ಮಂದಿ ಹೋಗಿ ಅವರ ಮೇಜಿನ ಸುತ್ತ ನಿಂತಾಗ, ಮೊದಲು ಎಲ್ಲರ ಕೈಗೂ ಒಂದೊಂದು ಚಿಟಿಕೆ ಖಾರ ಹಾಕಿದರು. ಆ ಧೈರ್ಯಕ್ಕೆ ಮಂದಿ ಹಾದಿ ಬಿಟ್ಟು ಬೇರೆಲ್ಲ ಕೇಳತೊಡಗಿದರು.

“ಗುಡಿಯೊಳಗ ಹೋಗಾಕ ನಮಗ ಹಕ್ಕ ಐತೇನ್ರಿ?”

“ಐತಿ. ಆದ್ರ ತಡದ್ರ ಯಾರು ತಡದ್ರಂತ ಸಾಕ್ಷಿ ಬೇಕು.”

“ಪೊಲೀಸರು ಕರದ್ರ ಹೋಗಾಕ ಬೇಕೇನ್ರಿ?”

“ನೋಟೀಸ್ ಕೇಳೂ ಹಕ್ಕ ಐತಿ. ಆದ್ರ ಕೊಟ್ಟಮ್ಯಾಲ ಹೋಗಬೇಕು.”

“ಮತ್ತ ಹಾದಿ?”

“ಐತಿ. ಆದ್ರ...”

ತಿಪ್ಪವ್ವನಿಗೆ ತಡೆಯಲಾಗಲಿಲ್ಲ. “ಯವ್ವಾ ವಕೀಲಬಾಯಿ, ನಿಮ್ಮ ‘ಐತಿ’ ನಮ್ಮ ಕಡೆ, ನಿಮ್ಮ ‘ಆದ್ರ’ ಗೌಡನ ಕಡೆ ಕಾಣ್ತೈತಲ್ಲ!”

ಶಾಹೀನ ಗೊಳ್ಳನೆ ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು, ಎಲ್ಲರ ಕಣ್ಣೆದುರು, ಯಾರೂ ತಡೆಯದಂತೆ ಒಂದು ಹಾದಿಯಲ್ಲಿ ನಡೆದರೆ ಆ ಹಾದಿ ನಡೆದವನ ಹಕ್ಕು. ಹೊಲ ಗೌಡನದೇ ಇರಲಿ, ಹಾದಿ ನಿಮ್ಮದು. “ಆದ್ರ ಒಂದ ಮಾತು. ಹೊಲದಂವನ ಅಪ್ಪಣಿ ತಗೊಂಡು ನಡದಿದ್ರ ಅದು ಹಕ್ಕಲ್ಲ, ಅವನ ದಯಾ. ದಯಾ ಇವತ್ತ ಇರ್ತೈತಿ, ನಾಳೆ ಇರೂದಿಲ್ಲ. ನೀವು ಯಾರೂ ಅಪ್ಪಣಿ ಕೇಳಿಲ್ಲ, ಹೌದಲ್ರಿ?”

ಏಳು ಮಂದಿಯ ಕುತ್ತಿಗೆ ಒಮ್ಮೆಲೇ ಯಲ್ಲಪ್ಪನ ಕಡೆ ತಿರುಗಿತು.

ಯಲ್ಲಪ್ಪ ಕೆಮ್ಮಿದ. ಹಾದಿ ಶುರುವಾಗುವಲ್ಲಿ ಗೌಡರ ತೋಟದಮನೆಯ ಕಟ್ಟೆ. ಕಟ್ಟೆಯ ಮೇಲೆ ಗೌಡರು. ಅದರ ಮುಂದೆ ಹಾಯುವಾಗ ಯಲ್ಲಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ಕಂಕುಳಲ್ಲಿ ಹಿಡಿದು, ನಡು ಬಗ್ಗಿಸಿ, ‘ದಾಟ್ತೇನ್ರಿ ಧಣಿ, ಅಪ್ಪಣಿ ಆಗ್ಲಿ’ ಅಂತಿದ್ದ. ಕೇರಿಯ ಉಳಿದವರು ಸುಮ್ಮನೆ ತಲೆ ತಗ್ಗಿಸಿ ಹೋಗುತ್ತಿದ್ದರು. ತಿಪ್ಪವ್ವ ಅದೂ ಮಾಡದೆ ಒಳಗೊಳಗೇ ಬೈಯುತ್ತ ಹೋಗುತ್ತಿದ್ದಳು. ಯಲ್ಲಪ್ಪನಿಗೆ ಮಾತ್ರ ಇದನ್ನು ಅವನಪ್ಪ ಏಳನೆಯ ವಯಸ್ಸಿನಲ್ಲಿ ಕುತ್ತಿಗೆ ಒತ್ತಿ ಕಲಿಸಿದ್ದ.

“ಎಷ್ಟ ಸಲ ಕೇಳೀರಿ?” ಶಾಹೀನ ಪೆನ್ನು ಕೆಳಗಿಟ್ಟರು.

“ದಿನಾ ಎರಡ ಸಲ ರೀ. ಹೋಗೂಮುಂದ ಒಮ್ಮೆ, ಬರೂಮುಂದ ಒಮ್ಮೆ.”

“ಎಷ್ಟ ವರ್ಷ?”

“ನಲವತ್ತ ಆಗಿರಬೇಕ್ರಿ.”

ತಿಪ್ಪವ್ವ ಹಣೆ ಹಣೆ ಬಡಿದುಕೊಂಡಳು. “ಅಯ್ಯೋ ನಿನ್ನ ಮರ್ಯಾದಿಗಿಷ್ಟು ಬೆಂಕಿ ಹಾಕ! ಹಕ್ಕಿನ ಬಾಯಾಗ ಮಣ್ಣ ಹಾಕಿದಿ!”

ದಾವೆಯನ್ನು ಅವನ ಹೆಸರಿನಲ್ಲೇ ಹಾಕಬೇಕಿತ್ತು; ಯಾರ ಹೆಸರಲ್ಲಿ ಹಾಕಿದರೂ ಗೌಡರ ವಕೀಲರು ಅವನನ್ನೇ ಕಟಕಟೆಗೆ ಎಳೆಯುತ್ತಿದ್ದರು. ಕೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಆ ಹಾದಿ ತುಳಿದವನೂ ಅವನೇ. ಸುಳ್ಳು ಹೇಳಲೇ ಎಂದು ಕೇಳಿದ. “ಆಣಿ ಮಾಡಿ ಸುಳ್ಳ ಬ್ಯಾಡ. ಕೇಳಿದ್ದಕ್ಕಷ್ಟ ಉತ್ರ ಹೇಳ್ರಿ, ಖರೇನ ಹೇಳ್ರಿ. ಮುಂದಿಂದು ಮುಂದ,” ಅಂದರು ಶಾಹೀನ. ಅಂದರೂ ಅವರ ಮುಖ ಸಪ್ಪಗಾಗಿತ್ತು.

ಕೋರ್ಟಿನ ತಾರೀಕು ಬರುವವರೆಗೆ ಗೌಡರ ಕಣ್ಣಿಗೆ ಬಿದ್ದರೂ ಅಪ್ಪಣೆ ಕೇಳಕೂಡದೆಂದು ತಿಪ್ಪವ್ವ ಗಂಡನಿಗೆ ಮನೆಯಲ್ಲೇ ತಾಲೀಮು ಶುರು ಮಾಡಿದಳು. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಅವನದೇ ವಲ್ಲಿಯನ್ನು ರುಮಾಲು ಸುತ್ತಿದಳು. ಇಲ್ಲದ ಮೀಸೆ ತಿರುವಿದಳು.

“ಹೂಂ, ದಾಟು ಈಗ.”

ಯಲ್ಲಪ್ಪ ಎದೆ ಸೆಟೆಸಿ ಹೊರಟ. ಎರಡು ಹೆಜ್ಜೆ ಚಂದ ಹೋದ. ಮೂರನೆಯದಕ್ಕೆ ನಡು ತಾನೇ ಬಗ್ಗಿತು. “ದಾಟ್ತೇನ್ರಿ ಧ...”

ಚಪ್ಪಲಿ ಹಾರಿಬಂತು. ಮಲ್ಲಿಕಾ ಒಲೆಯ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮಾವಾರ, ಅತ್ಯಾರಿಗೇ ಧಣಿ ಅಂದ್ರಲ್ರಿ!”

“ಅದೊಂದರ ಖರೆ ಐತಿ ಬಿಡು,” ಅಂದ ಯಲ್ಲಪ್ಪ, ತಾನೂ ನಕ್ಕ. ನಕ್ಕ ಮೇಲೆ ಸಿಟ್ಟು ಬಂತು. ಕಂಡವರ ಮೇಲೆ ಅಲ್ಲ, ತನ್ನ ನಾಲಿಗೆಯ ಮೇಲೆ. ಕದ್ದವನಲ್ಲ, ಸುಳ್ಳಾಡಿದವನಲ್ಲ. ಒಬ್ಬರಿಗೆ ಮರ್ಯಾದೆ ಕೊಟ್ಟದ್ದೇ ಮೂವತ್ತು ಮನೆಗೆ ಮುಳುವಾಯಿತಲ್ಲ!

ಅವನ ಸಾಕ್ಷಿಯ ದಿನ ಗೌಡರ ವಕೀಲ ಮೃತ್ಯುಂಜಯ ಅವರು ಎದ್ದು ನಿಂತ ರೀತಿಯಲ್ಲೇ ಗೆದ್ದಂತಿತ್ತು.

“ನೀನು ದಿನಾಲೂ ಗೌಡರ ಅಪ್ಪಣೆ ಕೇಳುತ್ತಿದ್ದೆ. ಹೌದೋ ಅಲ್ಲೋ?”

“ಹೌದ್ರಿ.”

ಹಿಂದೆ ಕೂತಿದ್ದ ಕೇರಿಯವರು ಉಸಿರು ಬಿಟ್ಟದ್ದು ಕಟಕಟೆಗೆ ಕೇಳಿಸಿತು. ಮೃತ್ಯುಂಜಯ ವಕೀಲರು ಅಲ್ಲಿಗೇ ಕೂತುಬಿಟ್ಟಿದ್ದರೆ ಕೇಸು ಮುಗಿದಿತ್ತು. ಆದರೆ ಉಂಡ ಎಲೆಯನ್ನೂ ನೆಕ್ಕುವ ಚಟ ಕೆಲವು ವಕೀಲರಿಗೆ ಇರುತ್ತದೆ.

“ಅವರು ಅಪ್ಪಣೆ ಕೊಟ್ಟ ಮೇಲೆಯೇ ದಾಟುತ್ತಿದ್ದೆ.”

“ಇಲ್ರಿ.”

“ಮತ್ತೆ?”

“ಅವರು ಎಲ್ಲಿ ಕೊಟ್ಟಾರ್ರಿ?” ಯಲ್ಲಪ್ಪನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. “ನಾ ಕೇಳ್ತಿದ್ನಿ, ಅವರು ಹೊಲದ ಕಡೆ ನೋಡ್ತಿದ್ರು. ನಲವತ್ತ ವರ್ಷದಾಗ ಹೋಗು ಅಂದಿಲ್ಲ, ಬ್ಯಾಡ ಅಂದಿಲ್ಲ. ಹೂಂ ಅಂತ ಸೈತ ಅಂದಿಲ್ರಿ. ನಮ್ಮ ಕೂಡ ಅವರು ಮಾತಾಡೂದಿಲ್ಲ. ನಾ ಅಂದು ದಾಟಿಬಿಡ್ತಿದ್ನಿ.”

ನ್ಯಾಯಾಧೀಶರು ಬರೆಯುತ್ತಿದ್ದವರು ತಲೆ ಎತ್ತಿದರು. ಶಾಹೀನ ಕಿಸೆಗೆ ಕೈ ಹಾಕಿ, ಕೋರ್ಟೆಂಬುದನ್ನೂ ಮರೆತು, ಒಂದು ಚಿಟಿಕೆ ಖಾರ ಬಾಯಿಗೆ ಎಸೆದುಕೊಂಡರು. ಹೊರಗೆ ಬಂದ ಮೇಲೆ ಯಲ್ಲಪ್ಪನ ಎರಡೂ ಕೈ ಹಿಡಿದು ಕುಲುಕಿದರು. “ಬರೇ ಕೇಳಿದ್ರ ಅದು ದಯಾ ಆಗೂದಿಲ್ಲ ಯಲ್ಲಪ್ಪಣ್ಣ, ಅವ ಕೊಟ್ಟಿರಬೇಕು! ಅವ ಕೊಟ್ಟೇ ಇಲ್ಲ!” ಎಂದರು. ಅವನಿಗೆ ಅರ್ಥವಾಗಲು ಬಸ್ಸು ಅರ್ಧ ದಾರಿ ಬರಬೇಕಾಯಿತು. ಅರ್ಥವಾದ ಮೇಲೆ ಊರು ಬರುವವರೆಗೆ ಒಬ್ಬನೇ ನಗುತ್ತಿದ್ದ. ಕಂಡಕ್ಟರು, ಇವನು ಕುಡಿದಿದ್ದಾನೆಂದು ತಿಳಿದ.

ಮುಂದಿನ ತಾರೀಕು ಗೌಡರ ಸಾಕ್ಷಿ. ರೇಷ್ಮೆ ರುಮಾಲು, ಇಸ್ತ್ರಿ ಮಾಡಿದ ಧೋತರ. ಹಿಂದಿನ ಬೆಂಚಿನಲ್ಲಿ ಹಾನಗಲ್ಲಿನ ಬೀಗರು, ಊರಿನ ನಾಲ್ಕು ಹಿರಿಯರು. ‘ದಿನವೂ ಬಾಯಿಮಾತಿನಲ್ಲಿ ಅಪ್ಪಣೆ ಕೊಡುತ್ತಿದ್ದೆ’ ಎಂದು ಕಾಗದದಲ್ಲಿ ಬರೆದು ಕೊಟ್ಟಾಗಿತ್ತು. ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿದರೆ ಸಾಕು, ಹಾದಿ ಗೌಡರದು ಎಂದು ಮೃತ್ಯುಂಜಯ ವಕೀಲರು ಮೂರು ದಿನ ಕಲಿಸಿದ್ದರು.

ಶಾಹೀನ ಎದ್ದರು. “ಗೌಡ್ರ, ದಿನಾ ಅಪ್ಪಣಿ ಕೊಡ್ತಿದ್ರಿ?”

“ಹೌದು.”

“ಬಾಯಿಂದ?”

“ಮತ್ತ ಮೂಗಿಂದ ಕೊಡ್ತಾರೇನು?”

“ಹಂಗಾರ ನಲವತ್ತ ವರ್ಷ, ದಿನಕ್ಕ ಎರಡ ಸಲ, ಕೆಳಗೇರಿ ಯಲ್ಲಪ್ಪನವರ ಕೂಡ ನೀವು ಮಾತಾಡೀರಿ.”

ಗೌಡರ ಕಣ್ಣು ಹಿಂದಿನ ಬೆಂಚಿಗೆ ಹೋಯಿತು. ಹಾನಗಲ್ಲಿನ ಬೀಗರು ತಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದರು. “ಮಾತಂದ್ರ... ಮಾತಲ್ಲ. ಅಪ್ಪಣಿ,” ಅಂದರು ಗೌಡರು.

“ಆತ್ರಿ, ಅಪ್ಪಣೀನ ಅನ್ನೂಣು. ಯಲ್ಲಪ್ಪನವರು ಇಲ್ಲೇ ನಿಂತಾರ. ಹೆಂಗ ಕೊಡ್ತಿದ್ರಿ, ಅವರ ಕಡೆ ನೋಡಿ ಒಮ್ಮೆ ಅಂದು ತೋರಿಸ್ರಿ.”

ಮೃತ್ಯುಂಜಯ ವಕೀಲರು ಆಕ್ಷೇಪಣೆ ಎಂದು ಎದ್ದರು. “ಒಂದು ಮಾತು ತಾನೆ, ಹೇಳಲಿ ಬಿಡಿ,” ಎಂದರು ನ್ಯಾಯಾಧೀಶರು.

ಗೌಡರು ಯಲ್ಲಪ್ಪನ ಕಡೆ ತಿರುಗಿದರು. ತುಟಿ ಅಲುಗಿತು. ಗಂಟಲು ಸರಿಮಾಡಿಕೊಂಡರು. ಆಮೇಲೆ ಅವರ ಕುತ್ತಿಗೆ ಅವರನ್ನು ಕೇಳದೆ ಬಾಗಿಲ ಕಡೆ ಹೊರಳಿತು. “ಲೇ ಗುದ್ಲ್ಯಾ, ಅವಂಗ ಹೇಳೋ...”

ಬಾಗಿಲಲ್ಲಿ ನಿಂತಿದ್ದ ಗುದ್ಲೆಪ್ಪ ರೂಢಿಯಂತೆ ಒಂದು ಹೆಜ್ಜೆ ಮುಂದೆ ಬಂದ. “ಗೌಡ್ರು ಅಂತಾರ...” ಎಂದವನು ಬಾಯಿಗೆ ಕೈ ಮುಚ್ಚಿಕೊಂಡ.

ಕೋರ್ಟಿಗೆ ಕೋರ್ಟೇ ನಕ್ಕಿತು. ಬೇರೆ ಕೇಸಿಗೆ ಬಂದವರೂ ನಕ್ಕರು. ಬೆರಳಚ್ಚಿನ ಹುಡುಗಿ ತಲೆ ತಗ್ಗಿಸಿ ಹೆಗಲು ಕುಣಿಸುತ್ತಿದ್ದಳು. ನ್ಯಾಯಾಧೀಶರು ಮೇಜು ಕುಟ್ಟಿದರು, ತಿಪ್ಪವ್ವ ಮಾತ್ರ ನಿಲ್ಲಿಸಲಿಲ್ಲ. “ಅನ್ನಲೇ ಭಾಡ್ಯಾ, ಬಾಯಾಗ ಏನು ಹಲ್ಲಿ ಹೊಕ್ಕೈತೇನು!” ಎಂದು ಕೂಗಿದಳು. ಆಕೆಯನ್ನು ಹೊರಗೆ ಕಳಿಸಿದರು. ವರಾಂಡದಿಂದಲೂ ಆ ನಗು ಕೇಳುತ್ತಿತ್ತು.

ಯಲ್ಲಪ್ಪ ನಗಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಗೌಡರ ಮುಖವನ್ನು ನೆಟ್ಟಗೆ ನೋಡುತ್ತಿದ್ದ. ಹತ್ತಿರದಿಂದ ಅದು ಅಂಥಾ ದೊಡ್ಡ ಮುಖವೇನೂ ಅಲ್ಲ ಅನಿಸಿತು. ಶಾಹೀನ ಬೇಡವೆಂದು ಕೈ ಮಾಡಿದರೂ ಕೇಳದೆ ಒಂದು ಹೆಜ್ಜೆ ಮುಂದೆ ಬಂದ.

“ಗೌಡ್ರ, ಒಂದ ಮಾತು. ‘ಯಲ್ಲಪ್ಪ, ಹೋಗು’ ಅನ್ರಿ. ಅಷ್ಟ. ನನ್ನ ಕಡೆ ನೋಡಿ ಅನ್ರಿ. ಅಂದ್ರ ಕೇಸು ನಿಮ್ಮದು, ಹಾದಿ ನಿಮ್ಮದು. ನಾವು ಕೆರಿ ಸುತ್ತಿ ಹೋಗ್ತೀವಿ.”

“ಸುಮ್ಮನಿರಪ್ಪ,” ಎಂದರು ನ್ಯಾಯಾಧೀಶರು. ಎಂದವರು ತಾವೂ ಗೌಡರ ಕಡೆಗೇ ನೋಡಿದರು.

ನಗು ನಿಂತಿತು. ಬೆರಳಚ್ಚಿನ ಹುಡುಗಿ ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದಳು. ಮೃತ್ಯುಂಜಯ ವಕೀಲರು ‘ಅನ್ರಿ, ಅನ್ರಿ’ ಎಂದು ತುಟಿಯಲ್ಲೇ ತಿದ್ದುತ್ತಿದ್ದರು. ಗೌಡರ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಯಲ್ಲಪ್ಪ ವಲ್ಲಿಯನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಆ ಬಾಯಿಯನ್ನೇ ನೋಡುತ್ತ ನಿಂತ. ಅವನಿಗೇನೂ ಅವಸರವಿರಲಿಲ್ಲ.