ಮೊಳೆತೂತು ತುಂಬಿದವಳು

ಕಾನಹೊಸಹಳ್ಳಿಯ ಹೆದ್ದಾರಿ ಬದಿಗೆ ಬಡಗಿ ಕಮಾಲಸಾಬನ ಅಂಗಡಿಯಿತ್ತು. 1981ರ ಬೇಸಿಗೆಯಲ್ಲಿ ಅವನು ಎದೆನೋವಿನಿಂದ ತೀರಿಕೊಂಡ ಮೇಲೆ ತಮ್ಮ ಹೈದರಸಾಬ ಅದನ್ನು ನಡೆಸತೊಡಗಿದ. ಕಮಾಲಸಾಬನ ಹೆಂಡತಿ ಶರ್ಫುನ್ನೀಸಾ, ಗಂಡ ಸತ್ತವಳು ಮನೆಯಲ್ಲೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದರೂ ಹೊರಗೆ ಬರಲಿಲ್ಲ. ಇಪ್ಪತ್ತು ವರ್ಷ ಗಂಡನ ಪಕ್ಕ ಕೂತು ಪಾಲಿಶ್ ಹಚ್ಚಿದವಳು. ಮಕ್ಕಳಿರಲಿಲ್ಲ. ಈಗ ಕೈಗೆ ಕೆಲಸವಿಲ್ಲ, ಮಾತಿಗೆ ಜನವಿಲ್ಲ.

ಒಂದು ಬೆಳಿಗ್ಗೆ ಹೈದರಸಾಬ ಬಂದು ಹೊಸ್ತಿಲಲ್ಲೇ ನಿಂತ.

"ಭಾಬಿ, ಕಲ್ಯಾಣಮ್ಮ ಟೀಚರ್ ಮನಿಗೆ ಮಾಡಿದ ಹೊಸಾ ಬಾಗ್ಲ ಕೆಟ್ಟೈತ್ರಿ. ಬಣ್ಣ ಬ್ಯಾಡ, ಸಾಗವಾನಿ ಹೆಂಗೈತೋ ಹಂಗ ಕಾಣ್ಲಿ ಅಂದಿದ್ರು. ಮೊಳಿ ತೂತಿಗೆ ಅಂಗಡಿ ಪುಟ್ಟಿ ತುಂಬಿದೆ. ಒಂದು ಕೈ ಪಾಲಿಶ್ ಬೀಳೂದ್ರಾಗ ಬಿಳೇ ಚುಕ್ಕಿ ಎದ್ದಾವ. ವಾಪಸ್ ಕಳಿಸ್ಯಾರ."

ಅವಳು ಸೆರಗು ಹೊದ್ದು ಅಂಗಡಿಗೆ ಹೊರಟಳು.

ಬಾಗಿಲಿನ ಮೇಲೆ ನಲವತ್ತು ಚುಕ್ಕಿಗಳಿದ್ದವು. ದಬ್ಬಣದಿಂದ ಒಂದೊಂದೇ ತೂತಿನ ಪುಟ್ಟಿ ಕೆದರಿ ತೆಗೆದಳು. ಬಾಗಿಲನ್ನು ಮರಳುಕಾಗದದಿಂದ ತಿಕ್ಕಿ ಮೊದಲಿನ ಪಾಲಿಶ್ ಬಿಡಿಸಿದಳು. ಬಾಗಿಲಿಗೆ ಬಳಸಿದ ಹಲಗೆಯಲ್ಲಿ ಉಳಿದ ತುಂಡನ್ನು ಉಜ್ಜಿ ನುಣ್ಣನೆಯ ಪುಡಿ ಮಾಡಿ, ಎರಡು ಹನಿ ಪಾಲಿಶ್ ಹಾಕಿ ಕಲಸಿದಳು. ಒಣ ಮರದ ಬಣ್ಣ ನಂಬಬಾರದು, ಪಾಲಿಶ್ ಬಿದ್ದಮೇಲೆ ಅದು ಬೇರೆಯೇ. ಪಾಲಿಶ್ ಬಿದ್ದಂತೆ ಕಾಣಲೆಂದು ಒದ್ದೆ ಬಟ್ಟೆಯಿಂದ ತುಂಡನ್ನು ಒರೆಸಿ, ಕಲಸಿದ್ದನ್ನು ಪಕ್ಕಕ್ಕೆ ಚೂರು ಹಚ್ಚಿ ನೋಡಿದಳು.

"ಸ್ವಲ್ಪ ಕಪ್ಪಾತೇನ್ರಿ?" ಎಂದು ಎಡಕ್ಕೆ ತಿರುಗಿದಳು.

ಗಂಡ ಕೂರುತ್ತಿದ್ದ ಎಡಕ್ಕೆ ಈಗ ಗೋಡೆ ಮಾತ್ರ ಇತ್ತು. ಆಚೆ ಹಲಗೆ ಹೆರೆಯುತ್ತಿದ್ದ ಹೈದರಸಾಬನ ಉಜ್ಜುಗೊರಡು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಗೊರಡು ಸರಿಯಿತು. ಬಣ್ಣ ನೋಡಿ ಹೂಂ ಅನ್ನುವ ಕೆಲಸ ಯಾವಾಗಲೂ ಕಮಾಲಸಾಬನದು. ಅವಳು ಅದೇ ತುಂಡಿನ ತಿಳಿ ಬಣ್ಣದ ಅಂಚು ಉಜ್ಜಿ, ತಾನೇ ಆ ಪುಡಿ ಬೆರೆಸಿದಳು. ಆರಿದಾಗ ಕುಗ್ಗುತ್ತದೆಂದು ತೂತಿಗಿಂತ ತುಸು ಉಬ್ಬಿಸಿ ತುಂಬಿ, ಮರುದಿನ ಸಮನಾಗಿ ತಿಕ್ಕಿ, ಪಾಲಿಶ್ ಹಚ್ಚಿದಳು.

ನಾಲ್ಕನೆಯ ದಿನ ಕಲ್ಯಾಣಮ್ಮ ಬಂದು ಬಾಗಿಲ ಮೇಲೆ ಅಂಗೈ ಆಡಿಸಿದರು.

"ಎಲ್ಲಿದ್ವಮ್ಮ ತೂತು? ಕಮಾಲಸಾಬ್ರೇ ಮಾಡಿದಂಗೈತಿ."

"ಬಣ್ಣ ನಾನ ನೋಡಿದ್ದು ಟೀಚರ," ಎಂದಳು ಶರ್ಫುನ್ನೀಸಾ.

ಬಾಗಿಲು ಗಾಡಿ ಏರಿತು. ಅಂಗಡಿ ಖಾಲಿ ಎನಿಸಿತು.

"ನಾಳೆನೂ ಬರ್ರಿ ಭಾಬಿ. ಅವರ ಕಿಟಕಿ ಅದಾವ," ಎಂದ ಹೈದರಸಾಬ.

"ಬರ್ತೀನಿ. ನಿಮ್ಮನಿ ರೇಡಿಯೊ ತಂದು ಇಲ್ಲಿಡು. ಕೆಲ್ಸ ಮಾಡೂವಾಗ ಯಾರಾದ್ರೂ ಮಾತಾಡ್ತಿರ್ಬೇಕು ನೋಡು."

ಮರುದಿನ ಅವನು ರೇಡಿಯೊ ಹೊತ್ತುಕೊಂಡೇ ಬಂದ.