ಬಂದೆ ಕಣೇ

ಮೈಕಿನ ಆಟೋ ತಿರುವಿನಲ್ಲಿ ಗೊರಗೊರ ಕೆಮ್ಮಿದ್ದೇ ತಡ, ಅಜ್ಜಿ ಒಲೆ ಆರಿಸಿ ಹೊಸ್ತಿಲಿಗೆ ಬಂದು ನಿಂತಳು. ಚುನಾವಣೆ ಬಂತೆಂದರೆ ಸತ್ತ ಗಂಡ ಬೀದಿಯಲ್ಲಿ ಮಾತಾಡುವ ಕಾಲ.

ಆತನ ಗಂಟಲೆಂದರೆ, ಪಿಸುಗುಟ್ಟಿದರೂ ಆಚೆ ಬೀದಿಯ ತೊಟ್ಟಿಲಲ್ಲಿ ಕೂಸು ಎದ್ದು ಕೂರಬೇಕು. ಊರಲ್ಲಿ ಹೊಸ ಪಕ್ಷವೊಂದು ಹುಟ್ಟಿದಾಗ ಇದೇ ಪಡಸಾಲೆಯಲ್ಲಿ ಕೂತು ಪ್ರಚಾರದ ಕ್ಯಾಸೆಟ್ಟಿಗೆ ದನಿ ಕೊಟ್ಟಿದ್ದ. "ಬಡವರ ಪಕ್ಷ, ನಿಮ್ಮ ಪಕ್ಷ!" ಎಂದು ಮುಗಿಸುವಷ್ಟರಲ್ಲಿ ಒಳಗಿನಿಂದ ಇವಳು ಕೂಗಿದಳು: "ರೀ, ಊಟಕ್ಕೆ ಬನ್ನಿ!" ಅವನು, "ಬಂದೆ ಕಣೇ!" ಎಂದ. ಎರಡೂ ಕ್ಯಾಸೆಟ್ಟಿನಲ್ಲಿ ಸೇರಿಹೋದವು. ಮತ್ತೊಮ್ಮೆ ದನಿ ತುಂಬಿಸೋಣವೆಂದರೆ ವಾರದೊಳಗೆ ಎದೆ ಹಿಡಿದುಕೊಂಡು ಹೋಗಿಯೇಬಿಟ್ಟ. ಇದ್ದದ್ದನ್ನೇ ಊರಿಗೆಲ್ಲ ಕೇಳಿಸಿದರು.

ಊರು ಮೊದಲು ನಕ್ಕಿತು, ಆಮೇಲೆ ಕರಗಿತು. ಹೆಂಡತಿ ಕರೆದರೆ ಏಳುವವರ ಪಕ್ಷ! ನಾಯಕ ಜಾಣ, ವೇದಿಕೆ ಹತ್ತಿ, "ನೀವು ಕರೀರಿ, ನಾನು ಬಂದೆ!" ಎಂದರೆ ಜನ ಸಮುದ್ರದ ಹಾಗೆ ಉಕ್ಕುತ್ತಿತ್ತು. ಗೆದ್ದ. ಗೆದ್ದವನು ನಲ್ಲಿ ಒಣಗಿದಾಗ ಬರಲಿಲ್ಲ, ಗಿರಣಿ ಮುಚ್ಚಿದಾಗಲೂ ಬರಲಿಲ್ಲ. ಬರಬರುತ್ತ 'ಬಂದೆ ಕಣೇ' ಬೈಗುಳವಾಯಿತು. ಕೈಕೊಟ್ಟು ಓಡಿದ ಅಳಿಯಂದಿರಿಗೆಲ್ಲ ಅದೇ ಹೆಸರು.

ಅಜ್ಜಿಗೆ ಮಾತ್ರ ಅದು ಗಂಡನ ದನಿ. ಅದು ಬಿಟ್ಟರೆ ಅವನದೆನ್ನುವುದು ಮನೆಯಲ್ಲಿ ಒಂದು ಕೊಡೆ.

ಆಟೋ ಬಾಗಿಲಲ್ಲೇ ನಿಂತಿತು. "ಅಜ್ಜಿ, ಪಕ್ಷದ ಆಫೀಸಿಗೆ ಬೀಗ ಬಿತ್ತು," ಎಂದ ಡ್ರೈವರ್. "ಈ ಸಲ ನಂದು ಬೇರೆಯವರ ಪ್ರಚಾರ. ಕ್ಯಾಸೆಟ್ ನಿಮ್ಮ ಹತ್ರಾನೇ ಇರ್ಲಿ."

"ನಮ್ಮ ಯಜಮಾನ್ರು ಬದುಕಿದ್ದಾಗ್ಲೇ ಮನೇಲಿ ನಿಂತೋರಲ್ಲ, ಈಗ ಡಬ್ಬೀಲಿ ಇರ್ತಾರಾ? ಒಂದ್ಸಲ ಹಾಕಪ್ಪಾ."

"ಬೇಡ ಬಿಡಿ ಅಜ್ಜಿ."

"ಯಾಕೋ, ನನಗಿಲ್ಲದ ನಾಚಿಕೆ ನಿಂಗೆ? ಹಾಕು!"

ಹಾಕಿದ. "ಬಡವರ ಪಕ್ಷ, ನಿಮ್ಮ ಪಕ್ಷ!" ಅಜ್ಜಿ ಸೆರಗು ಸರಿಮಾಡಿಕೊಂಡಳು. ಅವಳದೇ ಎಳೆಯ ದನಿ ಬೀದಿ ತುಂಬಿತು: "ರೀ, ಊಟಕ್ಕೆ ಬನ್ನಿ!"

ಆಮೇಲೆ ಬರೀ ಸರ್ರೆನ್ನುವ ಸದ್ದು.

"ಹೋದ ಚುನಾವಣೇಲಿ ಆ ಮಾತಿಗೇ ಚಪ್ಪಲಿ ಬಿತ್ತಲ್ಲ," ಡ್ರೈವರ್ ನೆಲ ನೋಡಿದ. "ಪಕ್ಷದೋರೇ ಅಳಿಸಿಬಿಟ್ರು."

"ನನ್ನ ಕೂಗು ಹಂಗೇ ಬಿಟ್ರಲ್ಲೋ! ನಂಗೆ ಚಪ್ಪಲಿ ಬೀಳಲ್ವಾ?" ಅಜ್ಜಿ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಆಟೋ ಹೋಯಿತು. ಅಜ್ಜಿ ಒಳಗೆ ಬಂದು ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದಳು. ಬಾಗಿಲು ಹಾಕಲು ಚಿಲಕದ ಮೇಲೆ ಕೈಯಿಟ್ಟವಳು ಬೀದಿಗೆ ಕಿವಿಗೊಟ್ಟು ನಿಂತಳು. ಆಮೇಲೆ ಕೈ ತೆಗೆದು, ಬಾಗಿಲನ್ನು ಹಾಗೇ ಬಿಟ್ಟಳು.