ನಾಲ್ಕು ಬೆರಳು ಇಳಿದ ಏರಿ

ಹಾನಗಲ್ ತಾಲೂಕಿನ ಒಂದು ಊರು. ಅಲ್ಲಿ ಕೆರೆ ಏರಿಯ ಬುಡದಲ್ಲೇ, ನೀರು ಬಿಡುವ ತೂಬಿನ ಹತ್ತಿರ ಶಾರವ್ವನ ಮನೆ. ಹಿತ್ತಲ ಗೋಡೆಯ ಬಿರುಕಿಗೆ ಅವಳು ಮೂರು ಸಲ ಸಿಮೆಂಟು ಮೆತ್ತಿಸಿದ್ದಳು. ಮೂರು ಸಲವೂ ಅದು ಮತ್ತೆ ಬಾಯಿ ಬಿಟ್ಟಿತ್ತು. ಎರೆ ಭೂಮಿ ಬೇಸಿಗೆಯಲ್ಲಿ ಬಿರಿಯುವುದೇ ಎಂದು ಗಂಡ ಭರಮಪ್ಪ ಸುಮ್ಮನಾಗಿದ್ದ.

ಮಳೆಗಾಲಕ್ಕೆ ತಿಂಗಳಿರುವಾಗ ಹಾವೇರಿಯಿಂದ ಸಂಪದಾ ಎಂಬ ಭೂವಿಜ್ಞಾನಿ ಬಂದಳು. ತೂಬಿನ ಪಕ್ಕ ಏರಿ ಇಳಿಯುತ್ತಿದೆ, ಕೆರೆ ತುಂಬಲು ಬಿಡಬೇಡಿ, ಮಳೆ ಜೋರಾದರೆ ಕೆಳಗಿನ ಹನ್ನೊಂದು ಮನೆಯವರು ಶಾಲೆಗೆ ಹೋಗಿರಿ ಎಂದಳು.

ಶಾರವ್ವನಿಗೆ ನಗು ಬಂತು. "ದಿನಾ ಆ ಏರಿ ಮ್ಯಾಲ ಅಡ್ಡಾಡ್ತೇನ್ರಿ ಬಾಯಾರ. ನನ್ನ ಕಾಲಿಗೆ ತಿಳೀಲಾರದ್ದು ನಿಮಗ ಹ್ಯಾಂಗ ತಿಳೀತು?"

ಸಂಪದಾ ಆಕಾಶ ತೋರಿಸಿದಳು. "ಏಳ್ನೂರು ಕಿಲೋಮೀಟರ್ ಮ್ಯಾಲ ಒಂದು ಉಪಗ್ರಹ ಅದ ಅವ್ವಾರ. ಅದು ನೆಲಕ್ಕ ರಾಡಾರ್ ಅಲೆ ಕಳಸ್ತದ. ಅಲೆ ಬಡದು ಹೊಳ್ಳಿ ಹೋಗ್ತದ. ಹನ್ನೆರಡು ದಿನಕ್ಕ ಅದ ಹಾದ್ಯಾಗ ಬಂದು ಮತ್ತ ಕಳಸ್ತದ. ಎರಡೂ ಅಲೆ ಹೋಲಿಸ್ತೀವಿ. ನೆಲ ಒಂಚೂರು ಇಳದ್ರೂ ಅವು ಒಂದಕ್ಕೊಂದು ಹೊಂದಂಗಿಲ್ಲ."

ಇದಕ್ಕೆ ರಾಡಾರ್ ಇಂಟರ್‌ಫೆರೋಮೆಟ್ರಿ ಎನ್ನುತ್ತಾರೆ, ಮೋಡವಾಗಲಿ ಕತ್ತಲಾಗಲಿ ಇದಕ್ಕೆ ಅಡ್ಡಿಯಿಲ್ಲ ಎಂದೂ ತಿಳಿಸಿದಳು. ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಊರೆಲ್ಲ ಹಸಿರು ಚುಕ್ಕಿ, ತೂಬಿನ ಪಕ್ಕ ಮಾತ್ರ ಕೆಂಪು. ಎರಡು ವರ್ಷದಲ್ಲಿ ಅಲ್ಲಿ ಸುಮಾರು ನಾಲ್ಕು ಬೆರಳು ಇಳಿದಿದೆಯಂತೆ.

ಶಾರವ್ವ ಮಾತು ನಂಬಿ ಸುಮ್ಮನಿರುವವಳಲ್ಲ. ತನ್ನ ಗೋಡೆ ಮೆತ್ತಿದ ಗೌಂಡಿ ಮುಸ್ತಾಕನನ್ನೇ ಕರೆತಂದಳು. ಏರಿಯ ಮೇಲೆ ಹಿಂದೆ ಮಟ್ಟಸವಾಗಿ ಕೂರಿಸಿದ್ದ ಕಲ್ಲಿನ ಸಾಲಿನುದ್ದಕ್ಕೂ ಅವನು ಲೆವೆಲ್ ಪೈಪಿನಲ್ಲಿ ನೀರು ತುಂಬಿ ಹಿಡಿದ. ತೂಬಿನ ಹತ್ತಿರ ಬಂದಾಗ ಕಲ್ಲು ಪೈಪಿನ ನೀರಿನ ಮಟ್ಟಕ್ಕಿಂತ ಕೆಳಗಿತ್ತು. ಬೆರಳಿಟ್ಟು ಅಳೆದ. ನಾಲ್ಕು.

ಶಾರವ್ವ ಅಲ್ಲೇ ಕುಳಿತುಬಿಟ್ಟಳು. ತಲೆಯೆತ್ತಿ ಬಹಳ ಹೊತ್ತು ನೋಡಿದಳು. ನೀಲಿ ಬಿಟ್ಟರೆ ಏನೂ ಇರಲಿಲ್ಲ.

"ಮ್ಯಾಲ ಒಂದು ಹಕ್ಕಿ ಸುದ್ದಾ ಕಾಣವಲ್ದು," ಎಂದಳು ಮೆಲ್ಲಗೆ. "ಅಷ್ಟು ದೂರದಿಂದ ನನ್ನ ಹಿತ್ತಲ ಹಿಂದಿನ ನಾಕು ಬಟ್ಟು ಕಂಡಾವಂದ್ರ..." ಎದ್ದು ಮನೆ ಕಡೆ ನಡೆದಳು.

ಅಂದೇ ಅವಳು ಗಂಡನನ್ನು ಒಪ್ಪಿಸಿ ಉಳಿದ ಹತ್ತೂ ಮನೆಗೆ ಹೋಗಿ ಹೇಳಿದಳು. ಪಂಚಾಯಿತಿಯವರು ತೂಬು ತೆಗೆಸಿ ಕೆರೆಯ ಅರ್ಧ ನೀರು ಹರಿಸಿದರು. ಜುಲೈನಲ್ಲಿ ಮೂರು ದಿನ ಬಿಡದೆ ಸುರಿಯಿತು. ಮೊದಲ ದಿನವೇ ಎಲ್ಲರೂ ಶಾಲೆ ಸೇರಿದ್ದರು. ನಾಲ್ಕನೆಯ ಬೆಳಗ್ಗೆ ಏರಿ ಜಾರಿತು, ಚಿತ್ರದಲ್ಲಿ ಕೆಂಪಾಗಿದ್ದ ಕಡೆಯೇ. ಕೆರೆಯಲ್ಲಿ ನೀರು ಕಡಿಮೆಯಿದ್ದದ್ದಕ್ಕೆ ಮೊಣಕಾಲುದ್ದದ ರಾಡಿಯಷ್ಟೇ ಶಾರವ್ವನ ಹಿತ್ತಲ ಗೋಡೆಯನ್ನು ಕೆಡವಿ ನುಗ್ಗಿತು. ಮನೆಯಲ್ಲಿ ಯಾರೂ ಇರಲಿಲ್ಲ.

ಭರಮಪ್ಪ ಬಿದ್ದ ಗೋಡೆ ನೋಡುತ್ತ ನಿಂತ. "ಆ ಬಾಯಾರು ಬಂದ್ರ ಮದ್ಲ ಕಾಲಿಗೆ ನೀರು ಕೊಡು," ಎಂದ. "ಆಮ್ಯಾಲ ಊಟ."

ಓದುವ ಅಕ್ಕಂದಿರೇ, ಅಣ್ಣಂದಿರೇ, ಉಪಗ್ರಹ ನೆಲ ಇಳಿಯುವುದನ್ನು ಕಾಣಬಲ್ಲದು, ಯಾವ ದಿನ ಕುಸಿಯುತ್ತದೆಂದು ಹೇಳಲಾರದು. ಮೆತ್ತಿದರೂ ಮತ್ತೆ ಬಾಯಿ ಬಿಡುವ ಬಿರುಕು, ವಾಲಿದ ಕಂಬ, ಏರಿಯ ಹೊರಮೈಯಲ್ಲಿ ಒಸರುವ ನೀರು ಕಂಡರೆ ಅಂದೇ ಪಂಚಾಯಿತಿಗೆ ತಿಳಿಸಿ. ಜಾಗ ಬಿಡಿ ಎಂದಾಗ ಬಿಡಿ. ಮೇಲಿನಿಂದ ಎಚ್ಚರಿಕೆ ಬರುತ್ತದೆ, ಎದ್ದು ಹೊರಡಬೇಕಾದವರು ನಾವೇ.